ಹಿಂಬಾಗಿಲ ಬೀರಪ್ಪ

ಬೀರಪ್ಪ ಕಾಕಾ ಬಸ್ಸನ್ನು ಹಿಂದಿನಿಂದ ಹತ್ತುತ್ತಿದ್ದರು. ಬೆಳಿಗ್ಗೆ ಡಿಪೋದಲ್ಲಿ ಉಳಿದ ಚಾಲಕರು ತಮ್ಮ ಬಾಗಿಲು ತೆಗೆದು, ಸ್ಟೇರಿಂಗಿಗೆ ಕೈ ಮುಗಿದು ಕೂತರೆ, ಇವರು ಬಸ್ಸಿನ ಬೆನ್ನಿಗೆ ಹೋಗುತ್ತಿದ್ದರು. ಅಲ್ಲಿ ಕೆಂಪಕ್ಷರದಲ್ಲಿ ‘ತುರ್ತು ನಿರ್ಗಮನ’ ಎಂದು ಬರೆದ ಬಾಗಿಲಿನ ಹಿಡಿಕೆ ತಿರುಗಿಸಿ, ಅಂಚಿಗೆ ಮೊಣಕಾಲು ಕೊಟ್ಟು ಮೇಲೇರಿ, ಸೀಟುಗಳ ನಡುವೆ ನಡೆದು ಮುಂದೆ ಬಂದು ಕೂಡುತ್ತಿದ್ದರು. ಬಾಗಿಲು ತೆರೆಯದಿದ್ದರೆ ಬಸ್ಸು ಹೊರಡುತ್ತಿರಲಿಲ್ಲ. ಮೆಕ್ಯಾನಿಕ್ ಬಂದು ಎಣ್ಣೆ ಬಿಟ್ಟು, ಸುತ್ತಿಗೆಯಿಂದ ಬಡಿದು, ಬಾಯಿಗೆ ಬಂದಂತೆ ಬೈದು ಅದನ್ನು ತೆರೆಸಿದ ಮೇಲೆಯೇ ಕಾಕಾ ಕೀಲಿ ತಿರುಗಿಸುವುದು.

ಡಿಪೋದಲ್ಲಿ ಅವರಿಗೆ ಹಿಂಬಾಗಿಲ ಬೀರಪ್ಪ ಎಂದು ಹೆಸರು ಬಿದ್ದಿತ್ತು.

“ಏ ಹಿಂಬಾಗಿಲ ಬೀರಪ್ಪ, ಮಾವನ ಮನಿಗೂ ಹಿತ್ತಲಿಂದನ ಹೋಗ್ತಿಯೇನಲೇ?” ಎಂದು ಮೆಕ್ಯಾನಿಕ್ ಕೂಗಿದರೆ ಕಾಕಾ ತಿರುಗಿಯೂ ನೋಡದೆ, “ಹೂನಪಾ, ಮುಂದಿನ ಬಾಗಲಾಗ ನಿನ್ನಂಥಾ ನಾಯಿ ಇದ್ರ ಏನ್ ಮಾಡೂದು?” ಎನ್ನುತ್ತಿದ್ದರು.

ನಾನು ಶಾಂತವ್ವ, ಬನಹಟ್ಟಿಯ ಮಗ್ಗದ ಮನೆಯವಳು. ಪಿಯುಸಿ ಮುಗಿಸಿ ಕಂಡಕ್ಟರ್ ಆಗಿ ಸೇರಿದಾಗ ನಮ್ಮ ಡಿಪೋದಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಬೇರೆ ಚಾಲಕರು ನನ್ನನ್ನು ಜೊತೆಗೆ ಹಾಕಿಕೊಳ್ಳಲು ಒಲ್ಲೆ ಎಂದಾಗ ಬೀರಪ್ಪ ಕಾಕಾ, “ನನ್ನ ಬಸ್ಸಿಗೆ ಕೊಡ್ರಿ, ಹೇಳಿದ್ದ ಕೇಳ್ತಾಳ” ಎಂದರಂತೆ. ಅವರು ಹೇಳಿದ ಮೊದಲ ಮಾತೇ ನನಗೆ ಕೇಳಲಾಗಲಿಲ್ಲ. ಹಿಂದಿನ ಬಾಗಿಲು ತೆರೆದು, “ಜಿಗಿ” ಅಂದರು.

ಕೆಳಗೆ ನೆಲ ನನ್ನ ಎದೆಯುದ್ದ ದೂರದಲ್ಲಿತ್ತು. ಸೀರೆಯ ಮೇಲೆ ಖಾಕಿ ಕೋಟು ಹಾಕಿದ್ದೆ. ಸುತ್ತ ಗಂಡಸರು ನಿಂತಿದ್ದರು.

“ಒಲ್ಲೆರೀ ಕಾಕಾ, ನಾಚಿಕಿ ಬರ್ತೇತಿ.”

“ಬೆಂಕಿ ಹತ್ತಿದಾಗ ನಾಚಿಕಿ ಕೇಳ್ತೇತೇನ ಯವ್ವಾ?” ಎಂದವರು ನಿಂತವರನ್ನೆಲ್ಲ ಗದರಿಸಿ ಅಟ್ಟಿ, ತಾವೂ ಗೋಡೆಗೆ ಮುಖ ಮಾಡಿ ನಿಂತರು. “ನಾನೂ ನೋಡೂದಿಲ್ಲ. ಈಗ ಜಿಗಿ.”

ಜಿಗಿದೆ. ಮೊಣಕಾಲು ತರಚಿತು. ಅವರು ಗೋಡೆಯ ಕಡೆಗೇ ಮುಖ ಇಟ್ಟುಕೊಂಡು, “ಬಿದ್ದಿ?” ಎಂದು ಕೇಳಿದರು. ಬಿದ್ದೆ ಎಂದೆ. “ಛಲೋ ಆತು. ಇನ್ನ ಮಂದೀನ ಹೆಂಗ ಇಳಸಬೇಕು ಅಂತ ತಿಳಿತು” ಎಂದರು.

ಅವರದು ಅನಗವಾಡಿ ಕಡೆಯ ಹಳ್ಳಿ, ಕುರಿ ಕಾಯುವವರ ಮನೆತನ. ಆಣೆಕಟ್ಟಿನ ಹಿನ್ನೀರು ಏರಿದಾಗ ಊರನ್ನು ಬಿಡಬೇಕಾಯಿತು. ಎಲ್ಲರೂ ಮನೆಯ ಚೌಕಟ್ಟು, ಬಾಗಿಲು ಕಿತ್ತು ಚಕ್ಕಡಿಗೆ ಹೇರಿಕೊಂಡು ಹೋದರಂತೆ. ಕಾಕಾರ ಹೊಸ ಮನೆಗೆ ಸಿಮೆಂಟಿನ ಗೋಡೆ, ತಗಡಿನ ಮಾಡು, ಬಾಗಿಲು ಮಾತ್ರ ಅಜ್ಜನ ಕಾಲದ ತೇಗದ್ದು. “ಗ್ವಾಡಿ ಎಲ್ಲಿ ಬೇಕಾದ್ರೂ ಕಟ್ಟಬಹುದು. ಬಾಗಲಾ ಜೀವದ್ದು” ಎನ್ನುತ್ತಿದ್ದರು. ದೇವರು ಬೀರೇಶ್ವರ, ಉಸಿರು ಎಲೆ ಅಡಿಕೆ. ಚಾಲಕನ ಸೀಟಿನ ಹಿಂದೆ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಯೊಂದನ್ನು ಗೂಟಕ್ಕೆ ನೇತು ಹಾಕಿದ್ದರು. ಅದು ಅವರ ಅಪ್ಪನದಂತೆ. ಬಸ್ಸಿನಲ್ಲಿ ಯಾಕೆ ಎಂದು ಕೇಳಿದರೆ ಕಾರಣ ಹೇಳುತ್ತಿರಲಿಲ್ಲ.

ತುರ್ತು ಕಾಲದಲ್ಲಿ ಜನರನ್ನು ಬಸ್ಸಿನಿಂದ ಇಳಿಸುವುದನ್ನು ಅವರು ನನಗೆ ಕಲಿಸಿದ್ದು ಕುರಿಯ ಲೆಕ್ಕದಲ್ಲಿ. “ಹೊರಗ ಹೋಗ್ರಿ, ಹೊರಗ ಹೋಗ್ರಿ ಅಂತ ಒದರಬ್ಯಾಡ. ಒದರಿದ್ರ ಒಂದಕ್ಕೊಂದು ತಲಿ ತುರುಕಿ ನಿಂತುಬಿಡ್ತಾವು. ಬಾಗಲದ ಹತ್ರ ಇದ್ದದ್ದನ್ನ ರಟ್ಟಿ ಹಿಡದು ಹೊರಗ ಹಾಕು. ಒಂದು ಹೊರಗ ಬಿತ್ತಂದ್ರ ಉಳಿದಾವು ಅದರ ಬೆನ್ನ ಹತ್ತತಾವು.” ಬಸ್ಸು ಖಾಲಿ ಇದ್ದಾಗ ನನ್ನಿಂದ ಎಷ್ಟು ಸಲ ಇದನ್ನು ಮಾಡಿಸಿದರೋ. ಖಾಲಿ ಸೀಟಿನ ರಟ್ಟೆ ಹಿಡಿದು ಎಳೆಯುವುದು ನನಗೆ ಹುಚ್ಚಾಟ ಎನಿಸುತ್ತಿತ್ತು.

ವರ್ಷಕ್ಕೊಮ್ಮೆ ಡಿಪೋದಲ್ಲಿ ವಿಪತ್ತು ನಿರ್ವಹಣೆಯ ತರಬೇತಿ ನಡೆಯುತ್ತಿತ್ತು. ಮೇಲಿನ ಕಚೇರಿಯಿಂದ ಸಾಹೇಬರೊಬ್ಬರು ಬರುವರು, ಶಾಮಿಯಾನದ ಕೆಳಗೆ ಭಾಷಣವಾಗುವುದು, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಇಬ್ಬರು ಹಿಡಿದು ಫೋಟೋ ತೆಗೆಸಿಕೊಳ್ಳುವರು, ಎಲ್ಲರೂ ರಜಿಸ್ಟರಿನಲ್ಲಿ ಸಹಿ ಮಾಡುವರು. ಆಮೇಲೆ ಚುರುಮುರಿ, ಮಿರ್ಚಿ, ಚಹಾ. ನಾನು ಸೇರಿದ ವರ್ಷ ಫೋಟೋ ಮುಗಿದು ಸಾಹೇಬರು ಏಳುವ ಹೊತ್ತಿಗೆ ಕಾಕಾ ಎದ್ದು ನಿಂತರು.

“ಸಾಹೇಬ್ರ, ಅದನ್ನೊಮ್ಮಿ ಒತ್ತಿ ತೋರಸ್ರಿ.”

“ಯಾವುದನ್ನ?”

“ಆ ಸಿಲಿಂಡರ್ ರೀ. ಅದು ಹೆಂಗ ಉಗುಳ್ತೇತಿ ನೋಡೂಣು.”

ಸಾಹೇಬರು ನಕ್ಕರು. ಮ್ಯಾನೇಜರರು ನಗಲಿಲ್ಲ. ಕಾಕಾ ತಾವೇ ಹೋಗಿ ಪಿನ್ನು ಕಿತ್ತು ಒತ್ತಿದರು. ಸೈಕಲ್ಲಿನ ಗಾಳಿ ಬಿಟ್ಟಷ್ಟು ಸಪ್ಪಳವೂ ಆಗಲಿಲ್ಲ.

“ಬರೇ ಡಬ್ಬಿ ಐತ್ರಿ ಇದು” ಎಂದು ಅದನ್ನು ಮೆಲ್ಲಗೆ, ಮಗುವನ್ನು ಮಲಗಿಸುವಂತೆ ಮೇಜಿನ ಮೇಲೆ ಇಟ್ಟರು. “ಇನ್ನೊಂದು ಮಾತ ಕೇಳಲ್ರಿ? ನಮ್ಮ ಬಸ್ಸಿನ್ಯಾಗ ಅರವತ್ತು ಮಂದಿ, ಹಿಂದ ಸೀರಿ ಮೂಟಿ, ನಡುವ ಹಾಲಿನ ಕ್ಯಾನು. ಇವರೆಲ್ಲಾ ಇಳ್ಯಾಕ ಎಷ್ಟೊತ್ತ ಬೇಕು?”

“ಎಲ್ಲ ಪುಸ್ತಕದಲ್ಲಿದೆ” ಎಂದರು ಸಾಹೇಬರು.

“ಪುಸ್ತಕದಾಗ ಮಂದಿ ಮೂಟಿ ತಗೊಂಡ ಹತ್ತತಾರೇನ್ರಿ?”

ಆಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುವಾರ ಕಾಕಾರನ್ನೂ ನನ್ನನ್ನೂ ಒಳ್ಳೆಯ ರಸ್ತೆಯ ಬಸ್ಸಿನಿಂದ ತೆಗೆದು ಬನಹಟ್ಟಿಯಿಂದ ಜಮಖಂಡಿ, ಗಲಗಲಿ ದಾಟಿ ಬೀಳಗಿಗೆ ಹೋಗುವ ಹಳೇ ಬಸ್ಸಿಗೆ ಹಾಕಿದರು. ಅದರ ಮೈಯಲ್ಲಿ ಸಪ್ಪಳ ಮಾಡದ್ದೆಂದರೆ ಹಾರ್ನ್ ಒಂದೇ. ಕಾಕಾ ಗೊಣಗಲಿಲ್ಲ. ಮೊದಲ ದಿನವೇ ಅದರ ಹಿಂಬಾಗಿಲಿಗೆ ತಾವೇ ಕೂತು ಗ್ರೀಸ್ ಹಚ್ಚಿದರು, ಕತ್ತರಿಯನ್ನೂ ತಂದು ಸೀಟಿನ ಹಿಂದೆ ನೇತು ಹಾಕಿದರು.

ಮುಂದಿನದನ್ನು ನಾನು ಬಾಯಿಬಿಟ್ಟು ಹೇಳಲು ತುಂಬ ವರ್ಷ ತೆಗೆದುಕೊಂಡೆ.

ಕಬ್ಬು ಸಾಗಿಸುವ ದಿನಗಳು. ಅಂದು ಬೆಳಿಗ್ಗೆಯೂ ಕಾಕಾ ಹಿಂದಿನಿಂದಲೇ ಹತ್ತಿದ್ದರು, ನಾನು ನೋಡಿದ್ದೇನೆ. ಜಮಖಂಡಿ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಒಂದು ತಗ್ಗಿನಲ್ಲಿ ಬಸ್ಸು ಕುಪ್ಪಳಿಸಿದಾಗ ಹಿಂಬಾಗಿಲ ಹಿಡಿಕೆ ಸಡಿಲಾಗಿ ಬಾಗಿಲು ಅಂಗೈಯಗಲ ತೆರೆದು ಬಡಿಯಿತು. ಅದರ ಪಕ್ಕದಲ್ಲೇ ಒಬ್ಬ ಬಾಣಂತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. “ಯಕ್ಕಾ, ಕೂಸು ಬೀಳ್ತೇತಿ” ಎಂದು ಚೀರಿದಳು. ಕಾಕಾರಿಗೆ ಹೇಳಿದರೆ ಬಸ್ಸು ನಿಲ್ಲಿಸಿ, ಪಾನಾ ಹಿಡಿದು ಬಂದು ಅದನ್ನು ಬಿಗಿಯುತ್ತ ಅರ್ಧ ತಾಸು ಕೂಡುವರು. ಜನ ಮೊದಲೇ ತಡವಾಯಿತೆಂದು ನನ್ನ ಮೇಲೆ ರೇಗುತ್ತಿದ್ದರು. ಒಂದು ಸೀರೆ ಮೂಟೆಗೆ ಸುತ್ತಿದ್ದ ಗುಲಾಬಿ ನೂಲಿನ ಹುರಿಯನ್ನು ಬಿಚ್ಚಿಸಿಕೊಂಡು, ಹಿಡಿಕೆಯನ್ನು ಪಕ್ಕದ ಕಂಬಿಗೆ ಎಳೆದು ಕಟ್ಟಿದೆ. ಬೀಳಗಿ ಮುಟ್ಟಿದ ಮೇಲೆ ಬಿಚ್ಚಿದರಾಯಿತು ಎಂದುಕೊಂಡೆ.

ಕಟ್ಟಿದ್ದು ಯಾವ ಗಂಟು ಎಂದು ಯೋಚಿಸಲಿಲ್ಲ. ಕೈ ತಾನೇ ಕಟ್ಟಿತು. ಮಗ್ಗದ ಮೇಲೆ ಎಳೆ ಹರಿದಾಗ ನಾವು ಹಾಕುವ ಗಂಟು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬೀಳುತ್ತದೆ. ಎಳೆದಷ್ಟೂ ಬಿಗಿಯುತ್ತದೆ.

ಐದಾರು ಮೈಲಿಯಾಚೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಎದುರಾಯಿತು. ಕಾಕಾ ಪಕ್ಕಕ್ಕೆ ಸರಿಸಿದರು. ಕಾಲುವೆಯ ನೀರು ಜಿನುಗಿ ಮೆತ್ತಗಾಗಿದ್ದ ಕರಿಮಣ್ಣು ಕುಸಿದು ಬಸ್ಸು ಎಡಕ್ಕೆ ಮಲಗಿತು. ಹತ್ತಿಳಿಯುವ ಬಾಗಿಲು ಕಾಲುವೆಯ ಏರಿಗೆ ಒತ್ತಿ ಕೂತಿತು. ಎಂಜಿನ್ನಿನ ಕಡೆಯಿಂದ ಕಪ್ಪು ಹೊಗೆ ಬರಲಾರಂಭಿಸಿತು.

“ಯವ್ವಾ, ಹಿಂದಿಂದ ತಗಿ! ಒಂದ್ ಹೊರಗ ಹಾಕು!” ಎಂದು ಮುಂದಿನಿಂದ ಕಾಕಾರ ದನಿ.

ನಾನು ಬಾಗಿಲ ಹತ್ತಿರವೇ ಇದ್ದೆ. ಹಿಡಿಕೆ ಎಳೆದೆ. ಗಂಟು ಬಿಗಿಯಿತು. ಉಗುರು ಹಾಕಿದೆ, ಹಲ್ಲು ಹಾಕಿದೆ. ಜನ ನನ್ನ ಬೆನ್ನ ಮೇಲೆ ಬೀಳುತ್ತಿದ್ದರು. ಸೀಟುಗಳ ಬೆನ್ನು ಹಿಡಿದು ಕಾಕಾ ಹಿಂದಕ್ಕೆ ಬಂದರು. ಗಂಟು ನೋಡಿದರು. ನನ್ನ ಮುಖ ನೋಡಿದರು. ತಿರುಗಿ ಆ ಹೊಗೆಯೊಳಕ್ಕೇ ಹೋದರು. ಅವರ ಕೆಮ್ಮು ಕೇಳುತ್ತಿತ್ತು, ಅವರು ಕಾಣುತ್ತಿರಲಿಲ್ಲ. ಗೂಟದಲ್ಲಿದ್ದ ಕತ್ತರಿ ತರಲು ಹೋಗಿದ್ದಾರೆಂದು ಅವರು ಮರಳಿ ಬಂದಾಗಲೇ ನನಗೆ ಹೊಳೆದದ್ದು. ಹುರಿ ಕತ್ತರಿಸಿದರು, ಬಾಗಿಲು ಒದ್ದರು. ನಾನು ಬಾಣಂತಿಯ ರಟ್ಟೆ ಹಿಡಿದು ಹೊರಗೆ ಹಾಕಿದೆ. ಉಳಿದವರು ಅವಳ ಬೆನ್ನ ಹತ್ತಿದರು, ಕಾಕಾ ಹೇಳಿದ ಹಾಗೆಯೇ. ಒಬ್ಬ ಮುದುಕಿಯ ಕೈ ಮುರಿದದ್ದು ಬಿಟ್ಟರೆ ಎಲ್ಲರೂ ಉಳಿದರು. ಕಾಕಾ ಕೊನೆಗೆ ಇಳಿದು ಕಾಲುವೆಯ ಏರಿಯ ಮೇಲೆ ಕೂತವರು ತಾವಾಗಿ ಮತ್ತೆ ಏಳಲಿಲ್ಲ. ಎಲೆ ಅಡಿಕೆ ಉಗುಳಿದಂತೆ ಕರ್‍ರಗಿನದೇನನ್ನೋ ಉಗುಳುತ್ತಿದ್ದರು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ನಾನು ಕೊನೆಯ ಸಲ ಹೋದಾಗ ಕೇಳಿದರು: “ಆ ಗಂಟ ಯಾರ ಕಲಿಸಿದ್ರು?”

“ಅವ್ವ ರೀ.”

“ಬಿಚ್ಚೂದು ಕಲಿಸಲಿಲ್ಲೇನು?”

“ಅದು ಬಿಚ್ಚಾಕ ಹಾಕೂ ಗಂಟಲ್ರೀ ಕಾಕಾ. ನೂಲು ಹರದ್ರೂ ಗಂಟ ಹರೀಬಾರದು.”

ನಗಲು ಹೋಗಿ ಕೆಮ್ಮಿದರು. “ಗಂಟ ಛಲೋ ಐತಿ. ಜಾಗಾ ತಪ್ಪೇತಿ, ಅಷ್ಟ.” ಉಸಿರೆಳೆದುಕೊಂಡು, “ಡಿಪೋದವ್ರು ಬಂದು ಹೇಳಿಕಿ ತಗೊಂಡ ಹೋದ್ರು. ಬೆಳಿಗ್ಗಿ ನಾನು ಬಾಗಲಾ ನೋಡಿರಲಿಲ್ಲ, ತುಕ್ಕ ಹಿಡದು ಬಿಗದಿತ್ತು ಅಂತ ಬರಸೀನಿ” ಎಂದರು.

“ಹಂಗ್ಯಾಕ ಬರಸಿದ್ರಿ? ದಿನಾ ತಗೀತಿದ್ರಲ್ರೀ!”

“ದಿನಾ ತಗದದ್ದು ಯಾವ ಕಾಗದದಾಗೂ ಇಲ್ಲವಾ. ನಿನ್ನ ನೌಕರಿ ಇನ್ನಾ ಖಾಯಂ ಆಗಿಲ್ಲ. ಸುಮ್ಮಕಿರು.”

ಸುಮ್ಮನಿದ್ದೆ. ಅವರು ತೀರಿಹೋದ ನಾಲ್ಕು ತಿಂಗಳಿಗೆ ನನ್ನ ನೌಕರಿ ಖಾಯಂ ಆಯಿತು. ಕಾಕಾರ ಹೆಸರಿನ ಮುಂದೆ ‘ಕರ್ತವ್ಯಲೋಪ’ ಎಂದು ಬಿತ್ತು. ಮರುವರ್ಷದಿಂದ ತರಬೇತಿಯಲ್ಲಿ ನಮ್ಮ ಬಸ್ಸೇ ಪಾಠವಾಯಿತು. “ಬಾಗಿಲು ಪರೀಕ್ಷಿಸದೆ ಹೊರಟ ಚಾಲಕನೊಬ್ಬ ತನ್ನ ಪ್ರಾಣ ಕಳೆದುಕೊಂಡ” ಎಂದು ಸಾಹೇಬರು ಹೇಳುವರು. ಅವರನ್ನು ಹಿಂಬಾಗಿಲ ಬೀರಪ್ಪ ಎಂದು ಕರೆದವರೇ ಎದುರು ಕೂತು ತಲೆಯಾಡಿಸುವರು. ಹದಿನೈದು ವರ್ಷ ಕಣ್ಣಾರೆ ಕಂಡದ್ದನ್ನು ಒಂದು ಕಾಗದ ಅಳಿಸಿ ಹಾಕಿತು. ನಾನು ಮೂರನೆಯ ಸಾಲಿನಲ್ಲಿ ಕೂತು ಕೇಳಿ, ರಜಿಸ್ಟರಿನಲ್ಲಿ ಸಹಿ ಮಾಡಿ, ಮಿರ್ಚಿ ತಿಂದು ಬರುತ್ತಿದ್ದೆ. ಏಳು ತರಬೇತಿ ಹೀಗೆ ಕಳೆದವು.

ಎಂಟನೆಯದಕ್ಕೆ ಮುಂಚೆ ಕಾಕಾರ ಊರಿಗೆ ಹೋದೆ. ಅವರ ಹೆಂಡತಿ ಮಾಳವ್ವ ಕಾಕು ಆ ತೇಗದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಒಳಗೆ ಬಾ ಎನ್ನಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಎದ್ದು ಹೋಗಿ ಒಂದು ಪುಟ್ಟ ಅರಿವೆಯ ಚೀಲ ತಂದು ನನ್ನ ಕೈಗಿಟ್ಟರು. ಅದರೊಳಗೆ ಗುಲಾಬಿ ಬಣ್ಣದ ಹುರಿಯ ತುಂಡು. ನಡುವೆ ಗಂಟು.

“ಅವರ ಖಾಕಿ ಅಂಗಿ ಕಿಸೇದಾಗಿತ್ತು” ಎಂದರು. “ಕುರಿ ಕಾಯೋರ ಮನ್ಯಾಗ ಇಂಥಾ ಗಂಟ ಯಾರಿಗೂ ಬರೂದಿಲ್ಲ. ಅವರ ಬಸ್ಸಿನ್ಯಾಗ ಮಗ್ಗದ ಮನಿಯಾಕಿ ಯಾರು ಅಂತ ನಾ ಯಾರನ್ನೂ ಕೇಳಬೇಕಾಗಿರಲಿಲ್ಲ.”

ಆ ಹೊಗೆಯಲ್ಲಿ, ಅಷ್ಟು ಜನರ ನೂಕುನುಗ್ಗಲಿನಲ್ಲಿ, ಬಾಗಿಲು ಒದೆಯುವ ಮೊದಲು ಅವರು ಆ ಗಂಟನ್ನು ಎತ್ತಿ ಕಿಸೆಗೆ ಹಾಕಿಕೊಂಡಿದ್ದರು. ಯಾರ ಕೈಗೂ ಸಿಗಬಾರದೆಂದು.

“ತಪ್ಪಾತ್ರೀ ಕಾಕು” ಎಂದೆ.

“ಅವರು ಸತ್ತದ್ದಕ್ಕ ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲ. ಗಾಡಿ ಹೊಡಿಯಾವ್ರು, ಸಾಯ್ತಾರ. ದಿನಾ ಬಾಗಲಾ ತಗದಾವ್ರನ್ನ ಬಾಗಲಾ ನೋಡದಾವ್ರು ಮಾಡಿದ್ರಿ ನೋಡು, ಅದಕ್ಕ ಐತಿ. ಏಳು ವರ್ಷ ಕಾದೀನಿ. ನನ್ನ ಮುಂದ ಅತ್ತ ಏನ್ ಮಾಡ್ತಿ? ಎಲ್ಲಿ ಹೇಳಬೇಕೋ ಅಲ್ಲಿ ಹೇಳು ಹೋಗು.”

ಚಹಾ ಕೇಳಲಿಲ್ಲ. ನಾನು ಓಣಿ ತಿರುಗುವಾಗ ಹಿಂದೆ ಆ ಬಾಗಿಲು ಮುಚ್ಚಿದ ಸಪ್ಪಳ ಕೇಳಿತು.

ಎಂಟನೆಯ ತರಬೇತಿಯಲ್ಲಿ ಸಾಹೇಬರು ‘ಚಾಲಕನೊಬ್ಬ’ ಎಂದು ಶುರು ಮಾಡಿದಾಗ ಎದ್ದು ನಿಂತೆ. ಗಂಟನ್ನು ಮೇಜಿನ ಮೇಲೆ ಇಟ್ಟು ಎಲ್ಲವನ್ನೂ ಹೇಳಿದೆ. ಆ ಸಾಹೇಬರು ಹೊಸಬರು. ಗಂಟಿನ ಕಡೆ ನೋಡಿ, ಗಡಿಯಾರದ ಕಡೆ ನೋಡಿ, “ಅದು ಮುಗಿದ ಫೈಲು ಅಮ್ಮಾ. ಈಗ ಅದನ್ನ ಯಾಕೆ ತೆಗೀತೀರಿ? ಸಹಿ ಆಯ್ತಾ ನಿಮ್ಮದು?” ಎಂದರು.

ಹಿಂದಿನ ಸಾಲಿನಿಂದ ಯಾರೋ ಸಣ್ಣಗೆ, “ಹಿಂಬಾಗಿಲ ಶಾಂತವ್ವ” ಎಂದರು. ನಾಲ್ಕಾರು ಮಂದಿ ನಕ್ಕರು. ಆ ಹೆಸರನ್ನು ಕಾಕಾ ಹದಿನೈದು ವರ್ಷ ದಿನಾ ಬೆಳಿಗ್ಗೆ ಮೊಣಕಾಲು ಕೊಟ್ಟು ಏರಿ ಸಂಪಾದಿಸಿದ್ದರು. ನನಗೆ ಅದು ಒಂದು ಗಂಟಿಗೆ ಸಿಕ್ಕಿತು.