ಲಂಡನ್ನಿನಲ್ಲಿ ಕರೆಂಟ್ ಹೋಗುವ ಟೈಮು

ಅಂಗಡಿಗೆ ಬಣ್ಣ ಹೊಡೆಯಲು ಬಂದ ರಾಯಲ್ಪಾಡಿನ ಪೇಂಟರ್ ಗೋಡೆ ಕೆರೆಯುತ್ತ ಕೇಳಿದ: "ಅಣ್ಣಾ, ಈ ಹಳೇ ಪೇಪರ್ ಕಿತ್ತಾಕ್ಲಾ?" ಹಳೆಯ ಟೇಪಿನ ಅಂಟುವಾಸನೆ ಮೂಗಿಗೆ ಬಡಿಯಿತು. ಅದರ ಮೇಲಿನ ಸ್ಕೆಚ್ ಪೆನ್ನಿನ ಅಕ್ಷರ ಓದಲು ಎದ್ದು ಹತ್ತಿರ ಹೋದೆ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಶ್ರೀನಿವಾಸಪುರದಲ್ಲಿ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದೆ. ಅದಕ್ಕೂ ಮೊದಲು ಮಂಡಿಯಲ್ಲಿ ಮಾವು ಆರಿಸುತ್ತಿದ್ದವನು. ಆರಿಸುವ ಚಟ ಬಿಡಲಿಲ್ಲ. ಚಾಟ್ ರೂಮುಗಳಲ್ಲಿ ಜನ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತಿದ್ದ ಕನ್ನಡ, ತೆಲುಗು ಮಾತುಗಳಲ್ಲಿ ನಗು ಬರಿಸುವಂಥದ್ದನ್ನು ಹೆಕ್ಕಿ, ಸ್ಕೆಚ್ ಪೆನ್ನಿನಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆ. ನೀವೂ ಈ ಕೆಲಸಕ್ಕೆ ಇಳಿದರೆ ನನ್ನ ಮಾತು ಕೇಳಿ: ಆಡಿದ ಮಾತನ್ನು ತಿದ್ದಬೇಡಿ, ಆಡಿದವರ ಹೆಸರು ಹಾಕಬೇಡಿ. ಹತ್ತರಲ್ಲಿ ಒಂಬತ್ತನ್ನು ಎಸೆಯಲು ಅಂಜಬೇಡಿ.

ಒಮ್ಮೆ ಚಾಟಿನಲ್ಲಿ ಯಾರೋ ತಾನು ಲಂಡನ್ನಿನಲ್ಲಿದ್ದೇನೆ ಎಂದು ಕೊಚ್ಚಿಕೊಳ್ಳುತ್ತಿದ್ದ. "ಅಲ್ಲೀಗ ಟೈಮೆಷ್ಟು?" ಎಂದು ಇನ್ನೊಬ್ಬರು ಕೇಳಿದರು.

"ಕರೆಂಟ್ ಹೋಗೋ ಟೈಮು. ಬೇಗ ಮಾತಾಡು."

ಕೌಂಟರಿನಲ್ಲಿ ಕೂತು ಓದುತ್ತಿದ್ದ ನನಗೆ ನಕ್ಕು ನಕ್ಕು ಕೆಮ್ಮು ಬಂತು. ಅಂಟಿಸಿದೆ. ಆ ಲಂಡನ್ ನನ್ನದೇ ಅಂಗಡಿಯ ಮೂಲೆಯ ಕಂಪ್ಯೂಟರಿನಲ್ಲಿತ್ತೆಂದು ತಿಳಿದದ್ದು ಮರುದಿನ, ಕಟ್ಟಡದ ಓನರ್ ಎದುರು ಬಂದು ನಿಂತಾಗ. ರಿಟೈರ್ಡ್ ಮೇಷ್ಟ್ರು, ನಗುವುದೇ ಅಶಿಸ್ತು ಎಂದು ನಮಗೆಲ್ಲ ಬೆತ್ತದಲ್ಲಿ ಕಲಿಸಿದವರು.

"ಅದನ್ನ ತೆಗಿ. ಇಲ್ಲಾಂದ್ರೆ ಅಂಗಡಿ ಖಾಲಿ ಮಾಡು."

"ಹೆಸರು ಹಾಕಿಲ್ವಲ್ಲ ಸಾರ್. ತೆಗೆದ್ರೇನೇ ಯಾರ್ದು ಅಂತ ಎಲ್ರೂ ಕೇಳೋದು."

"ನನ್ಗೇ ವ್ಯವಹಾರ ಹೇಳ್ಕೊಡ್ತೀಯೇನೋ?"

"ಎಲ್ರ ಮುಂದೆ ಆಡಿದ ಮಾತು ಸಾರ್. ಎಲ್ರೂ ನಕ್ಕಿದ್ದಾರೆ. ತೆಗಿಯಲ್ಲ."

ಬಾಡಿಗೆಯ ಮಾತಾಗಿದ್ದರೆ ಸಂಜೆಯವರೆಗೆ ಎಳೆದಾಡುತ್ತಿದ್ದೆ. ಇದರಲ್ಲಿ ಎಳೆದಾಡಲು ಏನೂ ಕಾಣಲಿಲ್ಲ. ಬುದ್ಧಿಮಾತು ಬರೆದ ಗೋಡೆಗಳು ಊರಲ್ಲಿ ಬೇಕಾದಷ್ಟಿದ್ದವು. ನಗಿಸುವ ಗೋಡೆ ಇದೊಂದೇ. ಕಂಪ್ಯೂಟರುಗಳನ್ನು ಮಾವಿನ ಕ್ರೇಟುಗಳಿಗೆ ತುಂಬಿಸಿ ರಸ್ತೆಯ ಆಚೆ ಬದಿಗೆ, ದುಬಾರಿ ಬಾಡಿಗೆಗೆ ಹೋದೆ. ಅಲ್ಲಿ ಮೊದಲು ಅಂಟಿಸಿದ್ದು ಲಂಡನ್ನನ್ನೇ.

ಕೆಲವು ದಿನಗಳಾದ ಮೇಲೆ ಮೇಷ್ಟ್ರು ಒಳಗೆ ಬಂದರು. ಗಿರಾಕಿಗಳೆಲ್ಲ ಎದ್ದು ನಿಂತರು. ಅವರು ಕನ್ನಡಕ ಏರಿಸಿ ಗೋಡೆ ಓದಿದರು.

"ಅಕ್ಷರ ಚಿಕ್ಕದಾಯ್ತು ಕಣಯ್ಯಾ. ನಾನ್ ಹೇಳಿದ್ದು ಹಿಂದಿನ ಬೆಂಚಿಗೂ ಕಾಣ್ಬೇಕು."

ಹಾಗೆಂದು ಮೂಲೆಯ ಕಂಪ್ಯೂಟರಿಗೆ ಹೋಗಿ ಕೂತರು.

ಈಗ ಆ ಚಾಟ್ ರೂಮುಗಳಿಲ್ಲ, ಮೇಷ್ಟ್ರೂ ಇಲ್ಲ. ಅದೇ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಕೊಂಡಿದ್ದೇನೆ.

"ಕಿತ್ತಾಕು," ಎಂದೆ ಪೇಂಟರಿಗೆ. "ಕಿತ್ತು, ಆ ಲಂಡನ್ ಮಾತನ್ನ ಹೊರಗೋಡೆ ಮೇಲೆ ಬರಿ. ಎದುರಿನ ಮೇಷ್ಟ್ರ ಬಿಲ್ಡಿಂಗಿಗೂ ಕಾಣ್ಬೇಕು."

"ದೊಡ್ಡ ಅಕ್ಷರಕ್ಕೆ ಬೇರೆ ರೇಟಾಗುತ್ತೆ, ಅಣ್ಣಾ."

ಜೀವಮಾನದಲ್ಲಿ ಮೊದಲ ಸಲ ನಾನು ಚೌಕಾಸಿ ಮಾಡಲಿಲ್ಲ.