ಸೂಜಿಗೆ ಸಿಗದ ಸಂದಿ

ಬೆನ್ನ ಮೇಲೆ ತಣ್ಣನೆಯ ಜೆಲ್ ಬಿದ್ದಾಗ ಬೆಚ್ಚಿದೆ. ಮಂಡಿಯ ಆಪರೇಷನ್‌ಗೆ ಮೊದಲು ಬೆನ್ನಿಗೆ ಸೂಜಿ ಕೊಡಲೆಂದು ಕೂರಿಸಿದ್ದರು. ಅರಿವಳಿಕೆಯ ಡಾಕ್ಟರು ಸ್ಕ್ಯಾನಿಂಗ್ ಯಂತ್ರದ ಹಿಡಿಯನ್ನು ಸೊಂಟದ ಹತ್ತಿರ ಒತ್ತಿ, ಪರದೆ ನೋಡುತ್ತಾ, “ಇಲ್ಲೇ ಸಂದಿ ಕಾಣ್ತಿದೆ, ಅಲ್ಲಾಡಬೇಡಿ” ಎಂದರು. ಅಂದು ಬೆನ್ನಿಗೆ ಸ್ಪಿರಿಟ್ ಹಚ್ಚಿದಾಗ ಎದುರುಮನೆಯ ಅಕ್ಕನೂ ಹೀಗೇ ಬೆಚ್ಚಿದ್ದಳು...

ಎಂಬತ್ತರ ದಶಕದ ಆರಂಭ. ನಾವಾಗ ಅಜ್ಜಂಪುರದಲ್ಲಿದ್ದೆವು. ಅಕ್ಕನ ಬೆನ್ನು ಚಿಕ್ಕಂದಿನಿಂದಲೇ ಒಂದು ಪಕ್ಕಕ್ಕೆ ತಿರುಚಿಕೊಂಡಿತ್ತು. ಮಷೀನಿನ ಮುಂದೆ ವಾಲಿಕೊಂಡೇ ಕೂತು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಹೊಟ್ಟೆಯಲ್ಲಿ ಗಡ್ಡೆ ಬೆಳೆಯತೊಡಗಿದಾಗ ಜನ ಬೇರೇನೋ ಆಡಿಕೊಂಡರು. ಅಕ್ಕ ಬಾಗಿಲಿಗೆ ಬರುವುದನ್ನೇ ಬಿಟ್ಟಳು.

ತರೀಕೆರೆಯ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಉಬ್ಬಸವಿದ್ದುದರಿಂದ ಪ್ರಜ್ಞೆ ತಪ್ಪಿಸುವಂತಿರಲಿಲ್ಲ. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸಬೇಕಿತ್ತು. ಮೂಳೆಗಳ ನಡುವಿನ ಸಂದಿಯನ್ನು ಆಗ ಬೆರಳಿನಿಂದಲೇ ತಡಕಿ ಹುಡುಕಬೇಕು. ಕೈ ಸಾಲದೆಂದು ನನ್ನನ್ನೂ ಒಳಗೆ ಕರೆದು, ಅವಳ ಭುಜ ಹಿಡಿಯಲು ಹೇಳಿದರು. ಅಕ್ಕ ದಿಂಬು ತಬ್ಬಿ ಬಾಗಿ ಕೂತಳು. ಸೂಜಿ ಹೋದಲ್ಲೆಲ್ಲ ಮೂಳೆ. ಹಿಂದೆ ಸೂಜಿ, ಮುಂದೆ ನಾನು. ಅವಳ ಬಿಸಿಯುಸಿರು ನನ್ನ ಕತ್ತಿಗೆ ಬಡಿಯುತ್ತಿತ್ತು.

“ಸಾಕು ಅನ್ಲಾ ಅಕ್ಕಾ?”

“ಬಿಡಬ್ಯಾಡ ಕಣೇ, ಗಟ್ಟಿಯಾಗ್ ಹಿಡ್ಕೋ. ಈ ಹೊಟ್ಟೆ ಹೊತ್ಕೊಂಡು ಮತ್ತೆ ಆ ಬೀದಿಗೆ ಹೆಂಗ್ ಹೋಗ್ಲಿ?”

ಕೊನೆಗೆ ಡಾಕ್ಟರೇ ಸೂಜಿಯನ್ನು ತಟ್ಟೆಗಿಟ್ಟು ಹಣೆ ಒರೆಸಿಕೊಂಡರು. “ಆಗ್ತಿಲ್ಲಮ್ಮ. ಇನ್ನೂ ಚುಚ್ಚಿದ್ರೆ ಕಾಲಿಗೇ ತೊಂದ್ರೆ ಆಗ್ಬಹುದು. ಬೆಂಗಳೂರಿಗೆ ಬರ್ಕೊಡ್ತೀನಿ.”

“ಸೊಟ್ಟ ಬೆನ್ನು ನಂದು, ನೀವೇನ್ ಮಾಡೀರಿ ಸ್ವಾಮಿ,” ಎಂದಳು ಅಕ್ಕ.

ಬಸ್ಸಿನಲ್ಲಿ ಸೆರಗನ್ನು ಹೊಟ್ಟೆಯ ಮೇಲೆ ಹರಡಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಬೆಂಗಳೂರಿನ ಮಾತೆತ್ತಿದರೆ, “ಇನ್ನೊಂದ್ಸಲ ಹಂಗೆ ಕೂರಕ್ಕೆ ನನ್ ಕೈಲಾಗಲ್ಲ” ಎನ್ನುತ್ತಿದ್ದಳು. ಎಷ್ಟು ಹೇಳಿದರೂ ಒಪ್ಪಲಿಲ್ಲ. ಮಲಗಿದರೆ ಗಡ್ಡೆ ಉಸಿರು ಕಟ್ಟಿಸುತ್ತಿತ್ತು, ಕೂತರೆ ಬೆನ್ನು ಸುಡುತ್ತಿತ್ತು. ಮುಂದಿನ ಮಳೆಗಾಲ ಅವಳು ನೋಡಲಿಲ್ಲ. ಆಡಿಕೊಂಡವರೂ ಬಂದು ಅತ್ತರು. ಅವರಲ್ಲಿ ಕೆಲವರು ತೊಟ್ಟಿದ್ದುದು ಅಕ್ಕ ಹೊಲಿದ ರವಿಕೆಯನ್ನೇ...

ನನಗೆ ಮೊದಲ ಸಲಕ್ಕೇ ಸೂಜಿ ಒಳಗೆ ಹೋಯಿತು. ಅಂಥದೊಂದು ಸಂದಿ ಅಕ್ಕನ ಬೆನ್ನಲ್ಲೂ ಎಲ್ಲೋ ಇದ್ದಿರಬೇಕು. ಕಾಣುವ ಕಣ್ಣು ಆಗ ಯಾರಿಗೂ ಇರಲಿಲ್ಲ. ಕಾಲುಗಳು ಬೆಚ್ಚಗಾಗಿ, ಮೆಲ್ಲಗೆ ನನ್ನವಲ್ಲವೆನಿಸತೊಡಗಿದವು.

ನನ್ನ ಕಣ್ಣೀರು ಕಂಡ ನರ್ಸ್, “ನೋವಾಗ್ತಿದ್ಯಾ ಅಮ್ಮಾ?” ಎಂದು ಬಗ್ಗಿದಳು.

“ಇಲ್ಲಮ್ಮ,” ಎಂದೆ. “ಒಂಚೂರೂ ಇಲ್ಲ.”