ಕೊನೆಯ ನಟ್ಟಿಗೆ ಮುಂಚಿನ ಮಾತು

ತಮಿಳುನಾಡಿನ ಗಡಿಯಂಚಿನ ಕೆಲಮಂಗಲದ ಸಂತೆ ಬೀದಿಯ ಕೊನೆಯಲ್ಲಿ, ತಗಡಿನ ಶೆಡ್ಡೊಂದರಲ್ಲಿ ಚೆನ್ನಕೇಶವ ಎಂಬ ಮೋಟರ್‌ಸೈಕಲ್ ಮೆಕ್ಯಾನಿಕ್ಕು ಇದ್ದ. ಅವನ ಹತ್ತಿರ ಬರುವವರು ಬರಿಗಾಡಿ ತರುವ ಹಾಗಿರಲಿಲ್ಲ. ಹಾಲಿನವನಾದರೆ ತುಂಬಿದ ಕ್ಯಾನು ಕಟ್ಟಿಕೊಂಡೇ ಬರಬೇಕು. ರೇಷ್ಮೆಗೂಡಿನ ವ್ಯಾಪಾರಿಯಾದರೆ ಮೂಟೆ ಸಮೇತ ಬರಬೇಕು. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಊರೂರು ತಿರುಗುವವನಾದರೆ ಆ ಮಹಾತಾಯಿಯೂ ಬರಬೇಕು. ಹೊತ್ತ ಭಾರಕ್ಕೆ ಗಾಡಿ ಎಷ್ಟು ಕುಸಿಯುತ್ತದೆ ಎಂದು ಕೈಯಿಟ್ಟು ನೋಡಿಯೇ ಅವನು ಹಿಂದಿನ ಸ್ಪ್ರಿಂಗುಗಳನ್ನು ಬಿಗಿ ಮಾಡುತ್ತಿದ್ದದ್ದು.

ಒಮ್ಮೆ ಹನುಮಕ್ಕ ಎನ್ನುವ ದಪ್ಪನೆಯ ಹೆಂಗಸು ಗಂಡನ ಗಾಡಿಯ ಮೇಲೆ ಕೂತು ಕೇಳಿದಳು: "ನನ್ನ ತೂಕ ನೋಡಾಕೆ ಕರೆಸಿದ್ಯೇನಪ್ಪಾ?"

"ನಿನ್ ತೂಕ ಯಾರಿಗ್ ಬೇಕಕ್ಕಾ? ಈ ಗಾಡಿ ಉಸ್ರು ಬಿಡ್ತದೋ ಇಲ್ವೋ ಅಂತ ನೋಡ್ತಾ ಇವ್ನಿ" ಅಂದ ಚೆನ್ನಕೇಶವ. ಹನುಮಕ್ಕನ ಗಂಡ ನಗಲೂ ಆಗದೆ ಸುಮ್ಮನಿರಲೂ ಆಗದೆ ಹ್ಯಾಂಡಲು ಹಿಡಿದು ಕೂತಿದ್ದ.

ಆ ಶೆಡ್ಡಿನಲ್ಲಿ ಇನ್ನೊಬ್ಬನಿದ್ದ, ಚಿನ್ನಸ್ವಾಮಿ. ಚೆನ್ನಕೇಶವನ ಹೆಂಡತಿ ವರಲಕ್ಷ್ಮಮ್ಮನ ತಮ್ಮ. ಅಪ್ಪ ತೀರಿಕೊಂಡಾಗ ಅವನನ್ನು ಕರೆತಂದು ಸ್ಪ್ಯಾನರು ಹಿಡಿಯುವುದನ್ನು ಕಲಿಸಿದವನು ಚೆನ್ನಕೇಶವನೇ. ಬೆಳೆದ ಮೇಲೆ ಇಬ್ಬರೂ ಕೆಲಸವನ್ನು ಹಂಚಿಕೊಂಡರು. ಕೈ ಭಾವನದು, ಬಾಯಿ ಬಾಮೈದನದು. ಚಿನ್ನಸ್ವಾಮಿ ತಮಿಳು ಶಾಲೆಯಲ್ಲಿ ಓದಿದ್ದ, ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೆಲಕಾಲ ದುಡಿದು ಇಂಗ್ಲಿಷನ್ನೂ ಅಷ್ಟಿಷ್ಟು ಹಿಡಿದುಕೊಂಡಿದ್ದ. ಚೆನ್ನಕೇಶವನದು ಗುಮ್ಮಳಾಪುರದ ಕನ್ನಡ ಶಾಲೆ, ಅದೂ ಅರ್ಧಕ್ಕೆ. ಸಂತೆಯಲ್ಲಿ ಸಾಲುವಷ್ಟು ತಮಿಳು, ಜಗಳಕ್ಕೆ ಸಾಲುವಷ್ಟು ತೆಲುಗು ಅವನಿಗೆ ಬರುತ್ತಿತ್ತು. ಮಿಕ್ಕಿದ್ದಕ್ಕೆಲ್ಲ ಚಿನ್ನಸ್ವಾಮಿ ಇದ್ದನಲ್ಲ!

ಎಂಬತ್ತೈದರ ಸುಮಾರಿಗೆ ಹೊಸ ತರದ ಹಗುರ ಗಾಡಿಗಳು ಬಂದವು. ನೋಡಲು ಚೆಂದ, ಓಡಲು ಚುರುಕು. ಆದರೆ ಚಕ್ರವನ್ನು ಎರಡು ಕಾಲುಗಳ ನಡುವೆ ಹಿಡಿಯುವ ಮುಂದಿನ ಫೋರ್ಕು ಹಳೆಯವುಗಳ ಹಾಗಲ್ಲ, ಬಲು ನಾಜೂಕು. ಹೊಸೂರಿನ ಡೀಲರೊಬ್ಬ ಸುತ್ತಲಿನ ಮೆಕ್ಯಾನಿಕ್ಕುಗಳನ್ನು ಕರೆಸಿ ಫೋರ್ಕು, ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಕೆಲಸವನ್ನು ಕೈಯಿಂದಲೇ ಮಾಡಿಸಿ ಕಲಿಸುವ ತರಬೇತಿ ಇಟ್ಟ. ಕೊನೆಯಲ್ಲಿ ಪರೀಕ್ಷೆ. ಕೆಲಮಂಗಲದ ಕಡೆಯವರಲ್ಲಿ ಗೆದ್ದ ಒಬ್ಬನಿಗೆ ಕಂಪನಿಯ ಸರ್ವೀಸ್ ಬೋರ್ಡು.

ಆ ಬೋರ್ಡಿನ ಮೇಲೆ ಚೆನ್ನಕೇಶವನಿಗೆ ಜೀವ. ಹೆಸರಿಗಾಗಿಯಷ್ಟೇ ಅಲ್ಲ. ಬೋರ್ಡು ಇಲ್ಲದವನಿಗೆ ಕಂಪನಿ ಸಾಮಾನು ಕೊಡುವುದಿಲ್ಲ. ಸಾಮಾನು ಇಲ್ಲದವನ ಹತ್ತಿರ ಹೊಸ ಗಾಡಿ ಬರುವುದಿಲ್ಲ. ಹಳೆಯ ಗಾಡಿಗಳು ಒಂದೊಂದೇ ಗುಜರಿ ಸೇರಿದ ಮೇಲೆ ಅವನ ಕೈಗೆ ಕೆಲಸವೆಲ್ಲಿ?

ತರಬೇತಿ ಕೊಡಲು ಮದ್ರಾಸಿನಿಂದ ಒಬ್ಬ ಮೇಷ್ಟ್ರು ಬಂದಿದ್ದರು. ಅರ್ಧ ಇಂಗ್ಲಿಷು, ಅರ್ಧ ತಮಿಳು. ಅದೂ ರೈಲು ಹೋದ ಹಾಗೆ. ಚೆನ್ನಕೇಶವ ಬಾಮೈದನ ಪಕ್ಕಕ್ಕೆ ಅಂಟಿಕೊಂಡು ನಿಂತ.

"ಏನಂತಾರ್ಲಾ?"

"ಎಣ್ಣೆ ಎರಡೂ ಕಾಲಿಗೆ ಒಂದೇ ಸಮ ಇರ್ಬೇಕಂತೆ ಭಾವ. ಸ್ಪ್ರಿಂಗ್ ಆಚೆ ತೆಗ್ದು, ಫೋರ್ಕ್ ಪೂರ್ತಿ ಕೆಳಕ್ಕಿಳಿಸಿ ಎಣ್ಣೆ ಮಟ್ಟ ನೋಡ್ಬೇಕಂತೆ."

"ಸರಿ. ಆಮೇಕೆ?"

ಹೀಗೆ ಒಂದೊಂದೂ ಬಾಮೈದನ ಬಾಯಿಂದ ಭಾವನ ಕಿವಿಗೆ, ಕಿವಿಯಿಂದ ಕೈಗೆ ಇಳಿಯಿತು. ಕೊನೆಗೆ ಮೇಷ್ಟ್ರು ಚಕ್ರ ಹಾಕಿ, ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕು ಹಿಡಿದು ಹ್ಯಾಂಡಲನ್ನು ಅಮುಕಿ ಅಮುಕಿ ಬಿಟ್ಟರು. ಎದುರಿಗೆ ತಲೆಗಳ ಗುಂಪು. ಚೆನ್ನಕೇಶವನಿಗೆ ಕಂಡದ್ದು ಮೇಲೆ ಕೆಳಗೆ ಆಡುವ ಹ್ಯಾಂಡಲು ಮಾತ್ರ.

"ಅದ್ಯಾಕ್ಲಾ ಹಂಗ್ ಅಮುಕ್ತಾವ್ರೆ?"

ಚಿನ್ನಸ್ವಾಮಿ ಮೇಷ್ಟ್ರ ಕೈಯ ಮೇಲಿನ ಕಣ್ಣು ಕೀಳದೆಯೇ ಅಂದ: "ಸುಮ್ಕೆ ಭಾವ. ಫೋರ್ಕ್ ಹೆಂಗ್ ಕುಣೀತದೆ ಅಂತ ತೋರಿಸ್ತಾವ್ರೆ."

"ಕುಣಿಯೋದ್ ನಮ್ಗೆ ಗೊತ್ತಿಲ್ವಾ!" ಅಂದು ಚೆನ್ನಕೇಶವ ನಕ್ಕ.

ಪರೀಕ್ಷೆಯ ದಿನ ಗಾಡಿಗಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಚೆನ್ನಕೇಶವ ಕೆಲಸಕ್ಕೆ ಕೂತರೆ ಅಕ್ಕಪಕ್ಕ ನೋಡುವವನಲ್ಲ. ಬಿಚ್ಚಿದ, ತೊಳೆದ, ಎಣ್ಣೆ ಅಳೆದು ಹಾಕಿದ, ಚಕ್ರ ಏರಿಸಿದ, ಹಳೆಯ ಗಾಡಿಗಳಲ್ಲಿ ಮಾಡುತ್ತಿದ್ದ ಹಾಗೆಯೇ ಸ್ಟ್ಯಾಂಡಿನ ಮೇಲೆಯೇ ಎಲ್ಲ ನಟ್ಟುಗಳನ್ನೂ ಬಿಗಿದ. ಉಳಿದವರು ಇನ್ನೂ ಎಣ್ಣೆ ಸುರಿಯುತ್ತಿದ್ದಾಗ ಎದ್ದು ನಿಂತು ಕೈ ಒರೆಸಿಕೊಂಡ.

ಮೇಷ್ಟ್ರು ಬಂದು ಹ್ಯಾಂಡಲು ಅಮುಕಿದರು. ಫೋರ್ಕು ಕೆಳಗೆ ಹೋಯಿತು. ಮೇಲೆ ಬರುವಾಗ ಮಧ್ಯದಲ್ಲಿ ಕಚ್ಚಿಕೊಂಡಿತು. ಇನ್ನೊಮ್ಮೆ ಅಮುಕಿದರೂ ಅದೇ ಕತೆ, ಮಂಡಿ ಹಿಡಿದ ಮುದುಕ ಏಳುವ ಹಾಗೆ ತಡೆದು ತಡೆದು ಎದ್ದಿತು. ಮೇಷ್ಟ್ರು ಏನೋ ಹೇಳಿ, ತಲೆಯಾಡಿಸಿ ಮುಂದೆ ಹೋದರು.

"ಏನಂದ್ರು?"

"ಎಣ್ಣೆ ಜಾಸ್ತಿ ಆಗೋಯ್ತಂತೆ ಭಾವ."

ಎಣ್ಣೆ! ಅವನೇ ಕಣ್ಣಿಟ್ಟು ಅಳೆದ ಎಣ್ಣೆ. ಆದರೂ ಅವನು ಅನುಮಾನಿಸಿದ್ದು ತನ್ನ ಕಣ್ಣನ್ನು, ಬಾಮೈದನ ಮಾತನ್ನಲ್ಲ.

ಚಿನ್ನಸ್ವಾಮಿಯ ಫೋರ್ಕು ಬೆಣ್ಣೆಯ ಹಾಗೆ ಇಳಿದು ಬೆಣ್ಣೆಯ ಹಾಗೆ ಎದ್ದಿತು. ಬೋರ್ಡು ಅವನಿಗೇ ಆಯಿತು. ಚೆನ್ನಕೇಶವನಿಗೆ ಒಳಗೆ ಚುಳುಕ್ಕೆಂದರೂ ಸಮಾಧಾನ ಮಾಡಿಕೊಂಡ. ಯಾರ ಹೆಸರಿಗೆ ಬಂದರೇನು, ತೂಗುಹಾಕುವುದು ನಮ್ಮ ಶೆಡ್ಡಿಗೇ ತಾನೇ? ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದವರಿಗೆಲ್ಲ "ನಮ್ಮುಡ್ಗ, ನಾನೇ ಕಲ್ಸಿದ್ದು" ಎಂದು ಹೇಳಿಕೊಂಡು ಬಂದ.

ಬೋರ್ಡು ಶೆಡ್ಡಿಗೆ ಬರಲಿಲ್ಲ. ಡೆಂಕಣಿಕೋಟೆ ರಸ್ತೆಯ ಹೊಸ ಮಳಿಗೆಯೊಂದರ ಮೇಲೆ ಏರಿತು.

"ಸಿಮೆಂಟ್ ನೆಲ ಇರ್ಬೇಕು ಅಂತ ಕಂಪನಿಯೋರು ಒಂದೇ ಹಟ ಭಾವ" ಅಂದ ಚಿನ್ನಸ್ವಾಮಿ.

ಇರಬಹುದು ಅಂದುಕೊಂಡ ಚೆನ್ನಕೇಶವ. ತನ್ನ ಒಳ್ಳೆಯ ಸ್ಪ್ಯಾನರುಗಳನ್ನು ತಾನೇ ಗೋಣಿಚೀಲದಲ್ಲಿ ಹೊತ್ತು ಆ ಮಳಿಗೆಗೆ ಇಟ್ಟುಬಂದ.

ಕೆಲವು ತಿಂಗಳ ಮೇಲೆ ಬೇರಿಕೆಯ ಹನುಮಯ್ಯ ಶೆಡ್ಡಿನ ಮುಂದೆ ಬಂದು ನಿಂತ. ತರಬೇತಿಯಲ್ಲಿ ಜೊತೆಗಿದ್ದ ಮೆಕ್ಯಾನಿಕ್ಕು. ಟೀ ಕುಡಿಯುತ್ತಾ ಕೇಳಿದ: "ಅಲ್ಲಯ್ಯಾ, ಇಂಥಾ ಕೈ ಇಟ್ಕಂಡು ಅವತ್ತು ಹೆಂಗಯ್ಯಾ ಕೆಡಿಸ್ಕಂಡೆ?"

"ಎಣ್ಣೆ ಜಾಸ್ತಿ ಆಗೋಯ್ತು."

"ಎಣ್ಣೆನಾ? ಯಾರಂದ್ರು? ನಾನ್ ಪಕ್ಕದಲ್ಲೇ ಇದ್ನಲ್ಲ! ಅಮುಕ್ದೆ ನಟ್ ಬಿಗ್ದವ್ನೆ ಅಂದ್ರು ಮೇಷ್ಟ್ರು. ಕೊನೇ ನಟ್ಟಿಗೆ ಮುಂಚೆ ಗಾಡಿ ಇಳಿಸಿ ಅಮುಕ್ಬೇಕು, ಎರಡು ಕಾಲೂ ಅಚ್ಚಿನ ಮೇಲೆ ನೆಟ್ಟಗೆ ಕೂತ್ಕಬೇಕು, ಆಮೇಲೇ ಬಿಗೀಬೇಕು ಅಂತ ಬಾಯಿ ಬಡ್ಕಂಡ್ರಲ್ಲಯ್ಯಾ! ನಿನ್ ಬಾಮೈದ ಹೇಳ್ಲಿಲ್ವಾ?"

ಚೆನ್ನಕೇಶವ ಟೀ ಲೋಟ ಕೆಳಗಿಟ್ಟ. ಹನುಮಯ್ಯ ತಂದಿದ್ದ ಹೊಸ ಗಾಡಿಯ ಮುಂದೆ ಕೂತು, ಚಕ್ರದ ಅಚ್ಚನ್ನು ಫೋರ್ಕಿನ ಕಾಲಿಗೆ ಕಚ್ಚಿಸುವ ಸಣ್ಣ ನಟ್ಟನ್ನು ಸಡಿಲಿಸಿದ. ಕಾಲನ್ನು ಒಂಚೂರು ಒಳಕ್ಕೆ ತಳ್ಳಿ ಮತ್ತೆ ಬಿಗಿದ. ಅಮುಕಿದ. ಕಚ್ಚಿಕೊಂಡಿತು. ಆ ನಟ್ಟನ್ನು ಪುನಃ ಸಡಿಲಿಸಿ, ಬ್ರೇಕು ಹಿಡಿದು ಅಮುಕಿ ಅಮುಕಿ ಬಿಟ್ಟು, ಆಮೇಲೆ ಬಿಗಿದ. ಬೆಣ್ಣೆ.

ಹನುಮಯ್ಯ ಇನ್ನೂ ಏನೋ ಹೇಳುತ್ತಿದ್ದ. ಚೆನ್ನಕೇಶವ ಆಗಲೇ ಡೆಂಕಣಿಕೋಟೆ ರಸ್ತೆ ಹಿಡಿದಿದ್ದ.

ಚಿನ್ನಸ್ವಾಮಿ ಮಳಿಗೆಯಲ್ಲಿ ಒಬ್ಬನೇ ಇದ್ದ. "ಬಾ ಭಾವ, ಕಾಫಿ ತರಿಸ್ಲಾ?"

"ಮೇಷ್ಟ್ರು ಅವತ್ತು ಹ್ಯಾಂಡಲ್ ಅಮುಕಿದ್ ಯಾಕ್ಲಾ?"

ಚಿನ್ನಸ್ವಾಮಿಯ ಮುಖ ಇಳಿಯಿತು. ಕೈಲಿದ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ನಟ್ ಬಿಗಿಯೋಕೆ ಮುಂಚೆ ಅಮುಕ್ಬೇಕು ಅಂತ."

"ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕ್ಲಾ?"

"ಎಲ್ರೂ ಬರೋರು ನಿನ್ ಕೈ ಹುಡುಕ್ಕೊಂಡು. ನಾನ್ ಎಷ್ಟ್ ಗಾಡಿ ಮಾಡಿದ್ರೂ, ಒಂದ್ಸಲ ಚೆನ್ನಕೇಶವ ಕೈಯಿಟ್ಟು ನೋಡ್ಲಿ ಅನ್ನೋರು. ನಂಗೂ ಒಂದ್ ಹೆಸ್ರು ಬೇಕಿತ್ತು ಭಾವ."

"ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವೇನ್ಲಾ? ಪರೀಕ್ಷೆಗೇ ಕೂರ್ತಿರ್ಲಿಲ್ಲ."

"ಕೊಡ್ತಿದ್ದೆ. ಆಗ ಅದು ನೀನ್ ಕೊಟ್ಟಿದ್ದಾಗೋದು."

ಚೆನ್ನಕೇಶವನಿಗೆ ಹೊಡೆಯಬೇಕೆನಿಸಿತು. ಹೊಡೆಯಲು ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಇಳಿಸಿದ. ಗೋಡೆಗೆ ನೇತುಹಾಕಿದ್ದ ತನ್ನ ಸ್ಪ್ಯಾನರುಗಳ ಕಡೆ ನೋಡಿದ. ತೆಗೆದುಕೊಳ್ಳದೆ ಹೊರಟ.

ಮನೆಯಲ್ಲಿ ವರಲಕ್ಷ್ಮಮ್ಮ ಮುದ್ದೆ ಬಡಿಸಿದಳು. ಅವನು ನಡೆದದ್ದನ್ನು ಹೇಳಿದ. ಆಕೆ ಅಯ್ಯೋ ಅನ್ನಲಿಲ್ಲ. ಸಾರಿನ ಸೌಟು ಹಿಡಿದುಕೊಂಡೇ ನಿಂತಳು.

"ನಿಂಗೂ ಗೊತ್ತಿತ್ತಾ?"

"ನಟ್ಟಿನ ವಿಷ್ಯ ದೇವ್ರಾಣೆಗೂ ಗೊತ್ತಿಲ್ಲ."

"ಮತ್ತೆ?"

"ಆ ಮಳಿಗೆ... ತರಬೇತಿಗೆ ಮುಂಚೇನೇ ಮಾತಾಡಿ ಇಟ್ಟಿದ್ದ. ನಾನೇ ಭಾವಂಗೆ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ ಅಕ್ಕಾ ಅಂದಿದ್ದ."

ಅವನು ಮುದ್ದೆ ಮುರಿದು ಸಾರಿಗದ್ದಿ ನುಂಗಿದ. ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡ. ಇನ್ನಷ್ಟು ಬಡಿಸಲೇ ಎಂದಾಗ ಕೈಯನ್ನು ಅಡ್ಡ ಹಿಡಿದ.

ಶೆಡ್ಡನ್ನು ಅವನು ಮುಚ್ಚಲಿಲ್ಲ. ಹಳೆಯ ಗಾಡಿಗಳು, ಮೊಪೆಡ್ಡುಗಳು, ಬೋರ್ಡಿನವರು ಕೈಬಿಟ್ಟ ಗಾಡಿಗಳು ಬರುತ್ತಿದ್ದವು. ಗಾಡಿಯವನು ಮಾತಾಡಲು ಬೇರೆಯವನನ್ನು ಜೊತೆಗೆ ಕರೆತಂದರೆ ಮಾತ್ರ ಸಿಡುಕುತ್ತಿದ್ದ: "ಅವ್ನ್ ಯಾಕೆ? ನಿಂಗ್ ಬಾಯಿಲ್ವಾ? ತಮಿಳೋ ತೆಲುಗೋ, ನೀನೇ ಹೇಳು."

ಬಾಮೈದನ ಕಡೆಯಿಂದ ವರಲಕ್ಷ್ಮಮ್ಮನ ಬಾಯಲ್ಲಿ ಸಮಾಚಾರಗಳು ಬರತೊಡಗಿದವು. ಅವನಿಗೆ ತುಂಬ ನೋವಾಗಿದೆಯಂತೆ, ಊಟ ಸೇರುತ್ತಿಲ್ಲವಂತೆ, ತಪ್ಪಾಯಿತು ಅಂದನಂತೆ.

"ಅವನ ಮಾತು ಇನ್ನೊಬ್ರ ಬಾಯಲ್ಲಿ ನಂಗ್ ಬೇಡ" ಅಂದ ಚೆನ್ನಕೇಶವ. "ಅವ್ನೇ ಬಂದು ಹೇಳ್ಲಿ. ಹೇಳಿದ್ರೆ ಅವತ್ತಿಗ್ ಮುಗೀತು."

ವರ್ಷಗಳೇ ಕಳೆದ ಮೇಲೆ, ಅಕ್ಕ ಅತ್ತೂ ಕರೆದೂ ಕಳಿಸಿದ ಮೇಲೆ, ಒಂದು ಬೆಳಗ್ಗೆ ಚಿನ್ನಸ್ವಾಮಿ ಬಂದ. ಹೊಸ ಷರಟು, ಕೂದಲಲ್ಲಿ ಒಂದೆರಡು ಬೆಳ್ಳಿಗೆರೆ. ಚೆನ್ನಕೇಶವ ಕೆಲಸ ನಿಲ್ಲಿಸಿ, ಎದ್ದು, ಸ್ಟೂಲನ್ನು ತಾನೇ ಒರೆಸಿ ಮುಂದಿಟ್ಟ.

ಚಿನ್ನಸ್ವಾಮಿ ಕೂತ. ಹೊಸೂರಿನ ರಸ್ತೆ ಅಗಲ ಮಾಡುತ್ತಿರುವುದನ್ನು ಹೇಳಿದ. ಸಾಮಾನು ಸರಿಯಾಗಿ ಬರುತ್ತಿಲ್ಲ ಅಂದ. ಅಮ್ಮನ ಮಂಡಿ ನೋವಿನ ಮಾತೆತ್ತಿದ. ಚೆನ್ನಕೇಶವ ಒಂದೊಂದಕ್ಕೂ ಹೂಂ ಅನ್ನುತ್ತಾ ಅವನ ಬಾಯಿಯನ್ನೇ ನೋಡುತ್ತಾ ಕಾದ.

"ಬತ್ತೀನಿ ಭಾವ" ಅಂದು ಚಿನ್ನಸ್ವಾಮಿ ಎದ್ದ.

"ಇನ್ನೇನಾದ್ರೂ ಹೇಳೋದೈತಾ?"

ಚಿನ್ನಸ್ವಾಮಿ ನಿಂತ. ಸ್ಟೂಲನ್ನು ಗೋಡೆಗೆ ಸರಿಸಿದ. "ಇಲ್ಲ ಭಾವ" ಅಂದು ಗಾಡಿ ಒದ್ದು ಹೊರಟ.

ಮಧ್ಯಾಹ್ನ ವರಲಕ್ಷ್ಮಮ್ಮ ಬುತ್ತಿ ತಂದವಳು ಆಸೆಗಣ್ಣಿನಿಂದ ಕೇಳಿದಳು: "ಬಂದಿದ್ನಂತಲ್ಲ. ಏನ್ ಹೇಳ್ದ?"

ಚೆನ್ನಕೇಶವ ಕೈ ತೊಳೆಯುತ್ತಾ ಅಂದ: "ನಿಮ್ಮಮ್ಮಂಗೆ ಮಂಡಿ ನೋವಂತೆ. ಹೋಗಿ ನೋಡ್ಕಂಡ್ ಬಾ."